ತೆಗೆಯುವ ಕೆಲಸ, ತೊಳೆಯುವ ಕೆಲಸ: ಹವ್ಯಾಸಿ ಛಾಯಾಗ್ರಹಣದ ಸಲಕರಣೆಗಳು

ಛಾಯಾಗ್ರಹಣದಲ್ಲಿ ಮೊದಲಿನಿಂದಲೂ ಎರಡು ಕೆಲಸಗಳಿವೆ. ಬೆಳಕನ್ನು ಅಂದಾಜು ಮಾಡಿ, ದೂರವನ್ನು ಹೊಂದಿಸಿ, ತಕ್ಕ ಗಳಿಗೆಯಲ್ಲಿ ಗುಂಡಿ ಒತ್ತಿ ಬಿಂಬವನ್ನು ಹಿಡಿಯುವುದು ಒಂದು. ಹಾಗೆ ಹಿಡಿದರೂ ಕಣ್ಣಿಗಿನ್ನೂ ಕಾಣದ ಬಿಂಬವನ್ನು ರಾಸಾಯನಿಕ ದ್ರಾವಣಗಳಲ್ಲಿ ಅದ್ದಿ, ತೊಳೆದು, ಕಾಗದದ ಮೇಲೆ ಮೂಡಿಸುವುದು ಇನ್ನೊಂದು. ಮೊದಲನೆಯದು ಫೋಟೋ ತೆಗೆಯುವ ಕೆಲಸ, ಎರಡನೆಯದು ಫಿಲ್ಮು ತೊಳೆದು ಪ್ರಿಂಟು ಹಾಕುವ ಕೆಲಸ. ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಚಿತ್ರ ತೆಗೆಯುವ ಹವ್ಯಾಸಿಗಳ ಸಲಕರಣೆಗಳ ಇತಿಹಾಸವನ್ನು ಕ್ಯಾಮೆರಾಗಳ ಹೆಸರು ಮತ್ತು ಇಸವಿಗಳ ಪಟ್ಟಿಯಾಗಿ ಹೇಳುವ ವಾಡಿಕೆ ಇದೆಯಾದರೂ, ಈ ಎರಡು ಕೆಲಸಗಳಲ್ಲಿ ಯಾವುದು ಯಾವ ಕಾಲದಲ್ಲಿ ಅವರ ಕೈಯಲ್ಲಿತ್ತು, ಯಾವುದು ಯಾವಾಗ ಕೈಬಿಟ್ಟು ಹೋಯಿತು, ಯಾವುದು ಮರಳಿ ಬಂತು ಎಂದು ವಿಚಾರಿಸಿದರೆ ಅದೇ ಇತಿಹಾಸ ಹೆಚ್ಚು ಸ್ಪಷ್ಟವಾಗಿ ಬಿಡಿಸಿಕೊಳ್ಳುತ್ತದೆ.

ಫ್ರಾನ್ಸಿನ ಲೂಯಿ ದಗೇರ್ ಮತ್ತು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1839ರಲ್ಲಿ ತಂತಮ್ಮ ವಿಧಾನಗಳನ್ನು ಲೋಕಕ್ಕೆ ತಿಳಿಸಿದಾಗ ಈ ಎರಡೂ ಕೆಲಸಗಳನ್ನು ಒಬ್ಬರೇ ಮಾಡಬೇಕಾಗಿತ್ತು. ದಗೇರನ ವಿಧಾನದಲ್ಲಿ ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು. ಟಾಲ್ಬಟ್ ಬೆಳ್ಳಿಯ ಲವಣ ಸವರಿದ ಕಾಗದವನ್ನು ಬಳಸಿದ. ಅದರ ಮೇಲೆ ಬೆಳಕಿದ್ದಲ್ಲಿ ಕಪ್ಪಾಗಿಯೂ ನೆರಳಿದ್ದಲ್ಲಿ ಬಿಳಿಯಾಗಿಯೂ ಕಾಣುವ ತಿರುಗುಮುರುಗಾದ ಬಿಂಬ, ಅಂದರೆ ನೆಗೆಟಿವ್, ಮೂಡುತ್ತಿದ್ದುದರಿಂದ ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಲು ಸಾಧ್ಯವಾಯಿತು. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕವನ್ನು ಜಾನ್ ಹರ್ಷೆಲ್ ಅದೇ ವರ್ಷ ಸೂಚಿಸಿದ. ಸೋಡಿಯಂ ಥಯೋಸಲ್ಫೇಟ್ ಎಂಬ ಆ ಲವಣ ಮುಂದೆ ಹೈಪೋ ಎಂಬ ಚಿಕ್ಕ ಹೆಸರಿನಿಂದ ಊರೂರಿನ ಕತ್ತಲ ಕೋಣೆಗಳಲ್ಲಿ ಮನೆಮಾತಾಯಿತು.

ಕರ್ನಾಟಕಕ್ಕೂ ಈ ಮೊದಲ ಘಟ್ಟಕ್ಕೂ ನೇರವಾದ ನಂಟಿದೆ. 1854ರ ಡಿಸೆಂಬರಿನಲ್ಲಿ ಹಳೇಬೀಡು ಮತ್ತು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ ಲಿನೀಯಸ್ ಟ್ರೈಪ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೇನೆಯ ಅಧಿಕಾರಿ. ಸರಕಾರದ ಛಾಯಾಗ್ರಾಹಕನಾಗಿ ಅವನು ನೇಮಕಗೊಂಡದ್ದು ಅನಂತರದ ಮಾತಾದುದರಿಂದ ಹೊಯ್ಸಳ ದೇವಾಲಯಗಳ ಈ ಚಿತ್ರಗಳನ್ನು ಹವ್ಯಾಸಿಯ ಕೆಲಸವೆಂದೇ ಎಣಿಸಬೇಕು. ಅವನು ಬಳಸಿದ್ದು ಮೇಣ ಹಿಡಿಸಿದ ಕಾಗದದ ನೆಗೆಟಿವ್. ಮೇಣ ಕುಡಿದ ಕಾಗದ ಹೆಚ್ಚು ಪಾರದರ್ಶಕವಾಗುತ್ತಿದ್ದುದಲ್ಲದೆ ಕೆಲವು ದಿನ ಮೊದಲೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿಟ್ಟು ಎತ್ತಿನ ಗಾಡಿಯಲ್ಲಿ ಒಯ್ಯಬಹುದಾಗಿದ್ದುದರಿಂದ ಬಿಸಿಲಿನ ನಾಡಿನಲ್ಲಿ ಸುತ್ತಾಡುವವರಿಗೆ ಅದು ಅನುಕೂಲವಾಗಿತ್ತು. ನೆಗೆಟಿವಿನಿಂದ ದೊಡ್ಡ ಚಿತ್ರ ಮಾಡುವ ಸೌಕರ್ಯ ಇನ್ನೂ ಇಲ್ಲದ್ದರಿಂದ ಚಿತ್ರ ಎಷ್ಟು ದೊಡ್ಡದಿರಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕಾಗಿತ್ತು, ಕ್ಯಾಮೆರಾ ಅದಕ್ಕಿಂತ ದೊಡ್ಡದಿರಬೇಕಾಗಿತ್ತು. ಮನುಷ್ಯರು ಆಚೀಚೆ ಚಲಿಸುವ ದೃಶ್ಯ ಇಂಥ ಸಲಕರಣೆಗೆ ಎಟುಕುತ್ತಿರಲಿಲ್ಲ. ಆ ಕಾಲದ ಹವ್ಯಾಸಿಗಳು ಗುಡಿ, ಗೋಪುರ, ಬೆಟ್ಟಗಳನ್ನೇ ಹೆಚ್ಚಾಗಿ ಆರಿಸಿಕೊಂಡದ್ದಕ್ಕೆ ಅಭಿರುಚಿಯಷ್ಟೇ ಈ ಮಿತಿಯೂ ಕಾರಣ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಚಿತ್ರದ ಸ್ಪಷ್ಟತೆಯನ್ನು ಬಹಳ ಹೆಚ್ಚಿಸಿತು, ಜೊತೆಗೆ ಹವ್ಯಾಸಿಯ ಹೊರೆಯನ್ನೂ ಹೆಚ್ಚಿಸಿತು. ಕೊಲೋಡಿಯನ್ ಎಂಬುದು ಈಥರ್ ಮತ್ತು ಮದ್ಯಸಾರ ಸೇರಿದ ಅಂಟಾದ ದ್ರವ. ಅದನ್ನು ಗಾಜಿನ ಮೇಲೆ ಹರಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒಣಗುವುದರೊಳಗೆ ಚಿತ್ರ ತೆಗೆದು ಅಲ್ಲೇ ತೊಳೆಯಬೇಕಾಗಿದ್ದುದರಿಂದ ಕ್ಯಾಮೆರಾ ಹೋದಲ್ಲೆಲ್ಲ ಒಂದು ಕಪ್ಪು ಡೇರೆಯೂ ಹೋಗಬೇಕಾಗಿತ್ತು. ಬಿಸಿಲುನಾಡಿನಲ್ಲಿ ಅದು ಒಣಗುವವರೆಗಿನ ಕೆಲವು ನಿಮಿಷಗಳೂ ಮೊಟಕಾಗುತ್ತಿದ್ದವು. ಈ ಗಡಿಬಿಡಿಗೆ ಕೊನೆ ಹಾಡಿದ್ದು 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಒಣ ಫಲಕ. ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ ಗಾಜಿಗೆ ಲೇಪಿಸಿದರೆ ಅದು ಒಣಗಿದ ಮೇಲೂ ಕೆಲಸ ಮಾಡುತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಅದರ ಬೆಳಕುಗ್ರಾಹಿ ಶಕ್ತಿ ಎಷ್ಟು ಸುಧಾರಿಸಿತೆಂದರೆ, ಅಲ್ಲಿಯವರೆಗೆ ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು ಎಣಿಸಿ ಮತ್ತೆ ಮುಚ್ಚುತ್ತಿದ್ದವರಿಗೆ ಕ್ಷಣದ ಒಂದಂಶ ಮಾತ್ರ ತೆರೆದು ಮುಚ್ಚುವ ಯಾಂತ್ರಿಕ ಕದ, ಅಂದರೆ ಶಟರ್, ಬೇಕೇಬೇಕಾಯಿತು. ಫಲಕಗಳು ಡಬ್ಬಿಗಳಲ್ಲಿ ಅಂಗಡಿಗೆ ಬಂದವು. ಲೇಪನದ ಕೆಲಸ ಹವ್ಯಾಸಿಯ ಕೈಯಿಂದ ಕಾರ್ಖಾನೆಗೆ ಹೋಯಿತು. ತೊಳೆಯುವ ಕೆಲಸ ಅವರಲ್ಲೇ ಉಳಿಯಿತು.

ಆ ಕೆಲಸವನ್ನೂ ಬೇರ್ಪಡಿಸಿದವರು ಅಮೆರಿಕದ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವರು ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳಿಗೆ ಸಾಲುವ ಸುರುಳಿ ಮೊದಲೇ ತುಂಬಿರುತ್ತಿತ್ತು. ಬೆಲೆ 25 ಡಾಲರ್. ಅದರಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇರಲಿಲ್ಲ, ಮೇಲ್ಭಾಗದಲ್ಲಿ ಕೊರೆದ ಗೆರೆಗಳ ಅಂದಾಜಿನ ಮೇಲೆ ಗುರಿಯಿಡಬೇಕಾಗಿತ್ತು. ನೂರೂ ಚಿತ್ರ ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರ್ ಶುಲ್ಕದೊಂದಿಗೆ ಕಾರ್ಖಾನೆಗೆ ಕಳಿಸಿದರೆ ಎರಡೂವರೆ ಅಂಗುಲದ ದುಂಡನೆಯ ಚಿತ್ರಗಳೂ ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. 1900ರಲ್ಲಿ ಅದೇ ಕಂಪನಿ ಹೊರತಂದ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಬೆಲೆ ಒಂದೇ ಡಾಲರ್. ಮಕ್ಕಳನ್ನು ಕಣ್ಮುಂದಿಟ್ಟುಕೊಂಡು ಮಾಡಿದ ಆ ಕ್ಯಾಮೆರಾ ಮೊದಲ ವರ್ಷದಲ್ಲೇ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಛಾಯಾಗ್ರಹಣದ ಇತಿಹಾಸದಲ್ಲಿ ಅತಿದೊಡ್ಡ ತಿರುವು ಡಿಜಿಟಲ್ ಯುಗದ್ದೆಂದು ಇಂದು ಅನೇಕರು ತಿಳಿದಿದ್ದಾರೆ. ಹವ್ಯಾಸಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ತಿರುವು 1888ರದು, ಏಕೆಂದರೆ ರಸಾಯನಶಾಸ್ತ್ರದ ಗಂಧವಿಲ್ಲದವರೂ ಫೋಟೋ ತೆಗೆಯಬಹುದೆಂಬ ಇಂದಿನ ಎಣಿಕೆಯೆಲ್ಲ ಅಲ್ಲಿಂದಲೇ ಹೊರಟಿದೆ.

ಹೀಗೆ ಎರಡು ಬಗೆಯ ಹವ್ಯಾಸಿಗಳು ಹುಟ್ಟಿಕೊಂಡರು. ಮನೆಯವರ, ಪ್ರವಾಸದ, ಹಬ್ಬದ ಚಿತ್ರ ತೆಗೆದು ಮಿಕ್ಕದ್ದನ್ನು ಅಂಗಡಿಗೆ ಬಿಟ್ಟವರು ಒಂದು ಕಡೆಯಾದರೆ, ಕ್ಲಬ್ಬುಗಳನ್ನು ಕಟ್ಟಿಕೊಂಡು ಸ್ಪರ್ಧೆ ಏರ್ಪಡಿಸಿ, ಪ್ರಿಂಟನ್ನು ತಾವೇ ಹಾಕಬೇಕೆಂದು ಹಟ ಹಿಡಿದವರು ಇನ್ನೊಂದು ಕಡೆ. ಎರಡನೆಯ ಗುಂಪಿನ ಸಲಕರಣೆಯನ್ನು ಪೂರ್ತಿಯಾಗಿ ಬದಲಿಸಿದ್ದು ಜರ್ಮನಿಯ ಎರಡು ಕ್ಯಾಮೆರಾಗಳು. ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವೊಂದನ್ನು ರೂಪಿಸಿದ್ದರು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಲೈಕಾ ಎಂಬ ಹೆಸರಿನಿಂದ ಬಂದ ಅದು ಕೋಟಿನ ಕಿಸೆಯಲ್ಲಿ ಹಿಡಿಸುತ್ತಿತ್ತು. 1929ರಲ್ಲಿ ಬ್ರೌನ್‌ಷ್ವೈಗ್‌ನಿಂದ ಬಂದ ರೋಲಿಫ್ಲೆಕ್ಸ್‌ಗೆ ಒಂದರ ಮೇಲೊಂದು ಎರಡು ಮಸೂರಗಳು: ಕೆಳಗಿನದು ಫಿಲ್ಮಿಗೆ, ಮೇಲಿನದು ನೋಡುವವರಿಗೆ. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ತಗ್ಗಿಸಿ ಗಾಜಿನ ಮೇಲೆ ಬೀಳುವ ಬಿಂಬವನ್ನು ನೋಡಬೇಕಾದುದರಿಂದ, ಎದುರಿಗಿದ್ದವರಿಗೆ ಛಾಯಾಗ್ರಾಹಕರು ತಲೆಬಾಗಿ ನಿಂತಂತೆ ಕಾಣುತ್ತಿತ್ತು. ಆ ಕಾಲದ ಅನೇಕ ಭಾವಚಿತ್ರಗಳಲ್ಲಿರುವ ಸಮಾಧಾನದ ಮುಖಭಾವಕ್ಕೆ ಈ ಭಂಗಿಯೂ ಒಂದು ಕಾರಣವಿರಬಹುದು. ನೆಗೆಟಿವ್ ಚಿಕ್ಕದಾದ ಮೇಲೆ ಅದರ ಬಿಂಬವನ್ನು ಕಾಗದದ ಮೇಲೆ ಹಿಗ್ಗಿಸಿ ಬೀಳಿಸುವ ಎನ್ಲಾರ್ಜರ್ ಯಂತ್ರ ಪ್ರತಿಯೊಂದು ಕತ್ತಲ ಕೋಣೆಗೂ ಅನಿವಾರ್ಯವಾಯಿತು. ಕ್ಯಾಮೆರಾದಲ್ಲಿ ಇಳಿದ ಭಾರ ಮನೆಯಲ್ಲಿ ಏರಿತು.

ಭಾರತದ ಹವ್ಯಾಸಿಗಳ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. 1950ರ ದಶಕದ ಕೊನೆಯಲ್ಲಿ ವಿದೇಶಿ ವಿನಿಮಯದ ಕೊರತೆ ತಲೆದೋರಿ ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಬಂದುದರಿಂದ, ಮುಂದಿನ ಎರಡು ಮೂರು ದಶಕ ಹೊಸ ಜಪಾನಿ ಅಥವಾ ಜರ್ಮನ್ ಕ್ಯಾಮೆರಾ ಬೇಕೆಂದವರು ಹೊರದೇಶದಿಂದ ಬರುವ ನೆಂಟರಿಷ್ಟರ ದಾರಿ ಕಾಯಬೇಕಾಗಿತ್ತು, ಇಲ್ಲವೆ ಸೆಕೆಂಡ್ ಹ್ಯಾಂಡ್ ಮಾಲು ಹುಡುಕಬೇಕಾಗಿತ್ತು. ಸೋವಿಯತ್ ಒಕ್ಕೂಟದ ಜೊತೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ಅಲ್ಲಿಯ ಜೆನಿಟ್ ಕ್ಯಾಮೆರಾ ಕೈಗೆಟುಕುತ್ತಿತ್ತು. ತೂಕ ಬಹಳ, ನಾಜೂಕು ಕಡಿಮೆ, ಆದರೆ ಅದರ ಹೀಲಿಯೋಸ್ ಮಸೂರವನ್ನು ಇಂದಿಗೂ ಹುಡುಕಿಕೊಂಡು ಹೋಗಿ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸುವವರಿದ್ದಾರೆ. ಸಾಮಾನ್ಯ ಕುಟುಂಬಗಳಿಗೆ ಒದಗಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3. ಫಿಲ್ಮಿನ ಕೊರತೆ ನೀಗಿಸಲು ಭಾರತ ಸರಕಾರ 1960ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ನೀಲಗಿರಿಯ ಊಟಿಯಲ್ಲಿ ಸ್ಥಾಪಿಸಿತು. ಫಿಲ್ಮಿನ ಲೇಪನಕ್ಕೆ ತಂಪೂ ಧೂಳಿಲ್ಲದ ಗಾಳಿಯೂ ಬೇಕಾದುದರಿಂದ ಆ ಬೆಟ್ಟದ ಊರನ್ನು ಆರಿಸಲಾಯಿತು. 1967ರಲ್ಲಿ ಉತ್ಪಾದನೆ ಆರಂಭವಾಗಿ ಇಂದು ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮು ಮತ್ತು ಪ್ರಿಂಟಿನ ಕಾಗದ ಮೈಸೂರು, ಬೆಂಗಳೂರುಗಳ ಅಂಗಡಿಗಳಿಗೂ ಬಂದವು.

ಕ್ಲಿಕ್-3ರಂಥ ಪೆಟ್ಟಿಗೆ ಕ್ಯಾಮೆರಾದೊಳಗೆ ರೋಲು ಹಾಕುವ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. 120 ಎಂಬ ಸಂಖ್ಯೆಯಿಂದ ಗುರುತಿಸುವ ಆ ರೋಲಿನ ಬೆನ್ನಿಗೆ ಉದ್ದಕ್ಕೂ ಕಪ್ಪು ಕಾಗದವಿರುತ್ತದೆ, ಕಾಗದದ ಮೇಲೆ ಅಂಕಿಗಳಿರುತ್ತವೆ. ನೆರಳಿನಲ್ಲಿ ಕುಳಿತು, ಕಾಗದದ ತುದಿಯನ್ನು ಖಾಲಿ ಸುರುಳಿಯ ಸೀಳಿಗೆ ಸಿಕ್ಕಿಸಿ, ಬಿಗಿಯಾಗಿ ಎರಡು ಸುತ್ತು ಸುತ್ತಿ, ಬೆನ್ನು ಮುಚ್ಚಿ, ಹಿಂಬದಿಯ ಕೆಂಪು ಕಿಂಡಿಯಲ್ಲಿ 1 ಎಂಬ ಅಂಕಿ ಕಾಣುವವರೆಗೆ ತಿರುಗಣೆ ತಿರುಗಿಸಬೇಕು. ಪ್ರತಿ ಚಿತ್ರದ ಅನಂತರವೂ ಮುಂದಿನ ಅಂಕಿಗೆ ತಿರುಗಿಸುವುದು ಮರೆತರೆ ಒಂದೇ ಚೌಕದಲ್ಲಿ ಎರಡು ಚಿತ್ರ ಬಿದ್ದು, ಅಜ್ಜಿಯ ಭುಜದ ಮೇಲೆ ದೇವಸ್ಥಾನದ ಗೋಪುರ ಏಳುತ್ತಿತ್ತು. ಒಂದು ರೋಲಿಗೆ 12 ಚಿತ್ರ, ಅಷ್ಟೆ. ಆದರೂ ಆರು ಸೆಂಟಿಮೀಟರ್ ಚೌಕದ ಆ ನೆಗೆಟಿವಿನ ವಿಸ್ತೀರ್ಣ ಲೈಕಾ ಬಗೆಯ ನೆಗೆಟಿವಿನ ಮೂರೂವರೆ ಪಟ್ಟಿಗಿಂತ ಹೆಚ್ಚಿರುವುದರಿಂದ, ಸಾಧಾರಣ ಮಸೂರದ ಅಗ್ಗದ ಕ್ಯಾಮೆರಾ ಕೂಡ ಕಾಗದದ ಮೇಲೆ ನೇರವಾಗಿ ಇಟ್ಟು ತೆಗೆದ ಪ್ರಿಂಟಿನಲ್ಲಿ ಮುಖಗಳನ್ನು ಚೊಕ್ಕಟವಾಗಿ ತೋರಿಸುತ್ತಿತ್ತು. ಹಳೆಯ ಮನೆಗಳ ಆಲ್ಬಮ್ಮುಗಳಲ್ಲಿ ಬಿಳಿ ಅಂಚಿನ ಚೌಕ ಚಿತ್ರಗಳು ಇಷ್ಟು ಗಟ್ಟಿಯಾಗಿ ಉಳಿದಿರುವುದರ ಗುಟ್ಟು ಕ್ಯಾಮೆರಾದ ಹೆಚ್ಚುಗಾರಿಕೆಗಿಂತ ನೆಗೆಟಿವಿನ ಗಾತ್ರದಲ್ಲಿ ಮತ್ತು ಬೆಳ್ಳಿಯ ಬಾಳಿಕೆಯಲ್ಲಿದೆ.

ಕ್ಲಬ್ಬಿನ ಹವ್ಯಾಸಿಗಳಿಗೆ ಕತ್ತಲ ಕೋಣೆ ಎಂದರೆ ಹೆಚ್ಚಿನ ಮನೆಗಳಲ್ಲಿ ರಾತ್ರಿ ಊಟದ ಮೇಲೆ ಬಚ್ಚಲುಮನೆಯೇ. ಕಿಟಕಿಗೆ ಕಂಬಳಿ ಕಟ್ಟಿ, ಪ್ರಿಂಟಿನ ಕಾಗದಕ್ಕೆ ತಾಗದ ಕೆಂಪು ಬಲ್ಬು ಹಾಕಿ, ಮೂರು ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಮೊದಲ ತಟ್ಟೆಯಲ್ಲಿ ಬಿಂಬವನ್ನು ಕಪ್ಪಾಗಿಸಿ ಮೂಡಿಸುವ ಡೆವಲಪರ್, ಎರಡನೆಯದರಲ್ಲಿ ಆ ಕ್ರಿಯೆಯನ್ನು ತಟ್ಟನೆ ನಿಲ್ಲಿಸುವ ಅಸಿಟಿಕ್ ಆಮ್ಲದ ನೀರು, ಮೂರನೆಯದರಲ್ಲಿ ಹೈಪೋ. ಎನ್ಲಾರ್ಜರಿನ ಬೆಳಕು ಬೀಳುವಾಗ ಅಂಗೈಯನ್ನು ಅಡ್ಡ ಹಿಡಿದು ಅಲುಗಿಸುತ್ತ ಮುಖದ ಭಾಗಕ್ಕೆ ಕಡಿಮೆ ಬೆಳಕು, ಬಿಳಿಚಿದ ಆಕಾಶಕ್ಕೆ ಹೆಚ್ಚು ಬೆಳಕು ಕೊಡುವ ಕೈಚಳಕವನ್ನು ಹಿರಿಯರಿಂದ ನೋಡಿಯೇ ಕಲಿಯಬೇಕಾಗಿತ್ತು. ಕಾಗದ ದುಬಾರಿಯಾದುದರಿಂದ ಮೊದಲು ಒಂದು ಪಟ್ಟಿಯ ಮೇಲೆ ಐದು, ಹತ್ತು, ಹದಿನೈದು ಸೆಕೆಂಡುಗಳ ಪರೀಕ್ಷೆ ಮಾಡಿ ಅನಂತರವೇ ಪೂರ್ತಿ ಹಾಳೆಗೆ ಕೈ ಹಾಕುತ್ತಿದ್ದರು. ಬೆಳಗಾಗುವ ಹೊತ್ತಿಗೆ ಹತ್ತಾರು ಹಾಳೆಗಳಲ್ಲಿ ಒಂದೆರಡು ಒಪ್ಪತಕ್ಕವು ಸಿಕ್ಕರೆ ಅದು ಒಳ್ಳೆಯ ರಾತ್ರಿ.

ಈ ಕಲಿಕೆಗೆ ಸಂಘಟನೆಯೂ ಇತ್ತು. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು, 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರು ಪಡೆದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರಗಳ ಬೆನ್ನು ಹತ್ತಿ ಆ ಹುಚ್ಚನ್ನು ಕನ್ನಡದ ಓದುಗರಿಗೂ ಹತ್ತಿಸಿದರು. ಘೋರ್ಪಡೆ ರಾಜಕಾರಣಿ, ತೇಜಸ್ವಿ ಸಾಹಿತಿ ಮತ್ತು ಕೃಷಿಕ. ಕರ್ನಾಟಕದ ಛಾಯಾಗ್ರಹಣಕ್ಕೆ ವೃತ್ತಿಯವರಷ್ಟೇ ಹವ್ಯಾಸಿಗಳೂ ಹೆಸರು ತಂದಿದ್ದಾರೆಂಬುದಕ್ಕೆ ಇಷ್ಟು ಸಾಕು.

ಅತ್ತ ತೆಗೆಯುವ ಕೆಲಸವನ್ನು ಯಂತ್ರ ಒಂದೊಂದಾಗಿ ವಹಿಸಿಕೊಳ್ಳತೊಡಗಿತ್ತು. ಬೆಳಕನ್ನು ಅಳೆಯುವ ಮೀಟರ್ ಇಲ್ಲದವರು ಫಿಲ್ಮಿನ ಡಬ್ಬಿಯೊಳಗಿನ ಚೀಟಿಯನ್ನು ನಂಬುತ್ತಿದ್ದರು, ಇಲ್ಲವೆ ಬಾಯಿಪಾಠದ ಒಂದು ಸೂತ್ರವನ್ನು ನೆಚ್ಚುತ್ತಿದ್ದರು: ಚುರುಕು ಬಿಸಿಲಿನಲ್ಲಿ ಮಸೂರದ ರಂಧ್ರ 16ರಲ್ಲಿರಲಿ, ಶಟರಿನ ವೇಗ ಫಿಲ್ಮಿನ ವೇಗದಷ್ಟಿರಲಿ, ಅಂದರೆ 125ರ ಫಿಲ್ಮಿಗೆ ಸೆಕೆಂಡಿನ 125ನೆಯ ಒಂದು ಭಾಗ. 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಮಸೂರದ ಮೂಲಕವೇ ಬರುವ ಬೆಳಕನ್ನು ಅಳೆದು ಮುಳ್ಳಿನಿಂದ ತೋರಿಸಿತು. ಒಂದೇ ಮಸೂರದಿಂದ ನೋಡುವುದೂ ತೆಗೆಯುವುದೂ ಆಗುವ ಇಂಥ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರದ ಹಿಂದಿನ ಕನ್ನಡಿ ಬೆಳಕನ್ನು ಮೇಲಕ್ಕೆ ಹಾಯಿಸುತ್ತದೆ, ಐದು ಮುಖದ ಗಾಜಿನ ಪಟ್ಟಕ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತದೆ, ಗುಂಡಿ ಒತ್ತಿದಾಗ ಕನ್ನಡಿ ಎದ್ದು ಫಿಲ್ಮಿಗೆ ದಾರಿ ಬಿಡುತ್ತದೆ. 1959ರ ನಿಕಾನ್ ಎಫ್ ಈ ಮಾದರಿಯನ್ನು ವೃತ್ತಿಯವರಲ್ಲಿ ನೆಲೆಗೊಳಿಸಿತು. 1976ರ ಕೆನಾನ್ ಎಇ-1ರಲ್ಲಿ ಪುಟ್ಟ ಗಣಕವೇ ರಂಧ್ರದ ಅಳತೆಯನ್ನು ನಿರ್ಧರಿಸಿತು, 1985ರ ಮಿನೋಲ್ಟಾ 7000ದಲ್ಲಿ ಮೋಟಾರು ಮಸೂರವನ್ನು ತಿರುಗಿಸಿ ಫೋಕಸ್ ಕೂಡ ಮಾಡಿತು. ಅಲ್ಲಿಗೆ ಹವ್ಯಾಸಿಯ ಪಾಲಿಗೆ ಉಳಿದದ್ದು ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂಬ ಎರಡೇ ನಿರ್ಧಾರಗಳು. ಅವೆರಡೇ ಮುಖ್ಯವಾದವೆಂದು ವಾದಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಇದೇ ಹೊತ್ತಿಗೆ ತೊಳೆಯುವ ಕೆಲಸವನ್ನೂ ಬಣ್ಣದ ಫಿಲ್ಮು ಕಸಿದುಕೊಂಡಿತು. ಬಣ್ಣದ ನೆಗೆಟಿವ್ ತೊಳೆಯಲು ದ್ರಾವಣದ ಶಾಖ ಅರ್ಧ ಡಿಗ್ರಿಯೂ ಏರುಪೇರಾಗದಂತೆ ನೋಡಿಕೊಳ್ಳಬೇಕಾದುದರಿಂದ ಬಚ್ಚಲುಮನೆಯ ವ್ಯವಸ್ಥೆ ಅದಕ್ಕೆ ಸಾಲುತ್ತಿರಲಿಲ್ಲ. 1980ರ ದಶಕದಿಂದಾಚೆ ತಾಲ್ಲೂಕು ಪಟ್ಟಣಗಳಲ್ಲೂ ಕಲರ್ ಲ್ಯಾಬುಗಳು ತೆರೆದುಕೊಂಡವು. ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10ರಂಥ, ಫೋಕಸ್ ಮಾಡುವ ಗೋಜಿಲ್ಲದ ಕ್ಯಾಮೆರಾಗಳು ಮನೆಮನೆಗೆ ಬಂದವು. 36ರ ರೀಲು ಹಾಕಿಸಿ, ಮದುವೆಯೋ ಪ್ರವಾಸವೋ ಮುಗಿಸಿಕೊಂಡು, ಕೊನೆಯ ಎರಡು ಮೂರು ಚಿತ್ರ ಉಳಿದರೆ ರೀಲು ಮುಗಿಸಲೆಂದೇ ಅಂಗಳದ ತುಳಸಿಕಟ್ಟೆಯನ್ನೋ ಹಿತ್ತಲಿನ ಹಸುವನ್ನೋ ತೆಗೆದು ಲ್ಯಾಬಿಗೆ ಕೊಡುತ್ತಿದ್ದ ಪೀಳಿಗೆ ಅದು. ಕತ್ತಲ ಕೋಣೆಯ ಹವ್ಯಾಸ ಭಾರತದಲ್ಲಿ ಕುಗ್ಗಿದ್ದು ಡಿಜಿಟಲ್ಲಿನಿಂದಲ್ಲ. ಅದಕ್ಕೂ ಹದಿನೈದು ವರ್ಷ ಮೊದಲೇ ಬಣ್ಣ ಆ ಕೆಲಸ ಮಾಡಿತ್ತು.

ಡಿಜಿಟಲ್ ಕ್ಯಾಮೆರಾದ ಮೂಲಮಾದರಿ ಹುಟ್ಟಿದ್ದು ಫಿಲ್ಮಿನ ದೊಡ್ಡ ಮನೆಯಾದ ಕೊಡಾಕ್‌ನಲ್ಲೇ. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೂರೂವರೆ ಕಿಲೋಗೂ ಹೆಚ್ಚು ತೂಕದ ಪೆಟ್ಟಿಗೆ, ಅಡ್ಡ 100 ಉದ್ದ 100 ಚುಕ್ಕೆಗಳ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ತೆಗೆದುಕೊಂಡಿತು. ಫಿಲ್ಮಿನ ಜಾಗದಲ್ಲಿ ಇದ್ದುದು ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಸೂಕ್ಷ್ಮ ಕೋಶಗಳ ಹಲಗೆ, ಅಂದರೆ ಸೆನ್ಸರ್. ಈ ಕೋಶಗಳಿಗೆ ಬೆಳಕಿನ ಪ್ರಮಾಣ ತಿಳಿಯುತ್ತದೆಯೇ ಹೊರತು ಬಣ್ಣ ತಿಳಿಯುವುದಿಲ್ಲ. ಕೋಶಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಚದುರಂಗದ ಮನೆಗಳಂತೆ ಜೋಡಿಸಿ, ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಚುರುಕಾಗಿರುವುದರಿಂದ ಅರ್ಧದಷ್ಟು ಮನೆಗಳನ್ನು ಹಸಿರಿಗೇ ಕೊಟ್ಟವರು ಅದೇ ಕಂಪನಿಯ ಬ್ರೈಸ್ ಬೇಯರ್. 1976ರ ಅವರ ಪೇಟೆಂಟಿನ ಜೋಡಣೆಯೇ ಇಂದಿನ ಹೆಚ್ಚಿನ ಕ್ಯಾಮೆರಾ ಮತ್ತು ಮೊಬೈಲುಗಳಲ್ಲಿದೆ. ಇಂಥ ಎರಡು ಶೋಧಗಳನ್ನು ತನ್ನದಾಗಿಸಿಕೊಂಡಿದ್ದ ಕಂಪನಿ ಫಿಲ್ಮಿನ ಲಾಭವನ್ನು ಬಿಡಲಾರದೆ 2012ರಲ್ಲಿ ದಿವಾಳಿ ರಕ್ಷಣೆಗೆ ನ್ಯಾಯಾಲಯದ ಮೊರೆ ಹೋಗಬೇಕಾಯಿತು.

2003ರಲ್ಲಿ 1000 ಡಾಲರಿನ ಒಳಗೆ ಬಂದ ಕೆನಾನ್ 300ಡಿ, ಮರುವರ್ಷದ ನಿಕಾನ್ ಡಿ70 ಮಸೂರ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾಗಳನ್ನು ಹವ್ಯಾಸಿಗಳ ಅಳವಿಗೆ ತಂದವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ತೊಳೆಯುವ ಕೆಲಸ ಹವ್ಯಾಸಿಯ ಕೈಗೆ ಮರಳಿ ಬಂದದ್ದು. ಸೆನ್ಸರಿನ ಅಂಕಿಗಳನ್ನು ಯಾವ ತಿದ್ದುಪಡಿಯೂ ಇಲ್ಲದೆ ಕಾಪಿಡುವ ರಾ ಎಂಬ ಕಡತವನ್ನು ಗಣಕದಲ್ಲಿ ತೆರೆದು, ಬೆಳಕು, ಬಣ್ಣ, ಛಾಯೆಗಳನ್ನು ತಮಗೆ ಬೇಕಾದಂತೆ ಹೊಂದಿಸಿಕೊಳ್ಳುವವರು ಮಾಡುವುದು ಎನ್ಲಾರ್ಜರಿನ ಕೆಳಗೆ ಅಂಗೈ ಅಲುಗಿಸುತ್ತಿದ್ದವರ ಕೆಲಸವನ್ನೇ, ಅದೂ ಕಂಬಳಿ ಕಟ್ಟದೆ. ಲ್ಯಾಬಿನವರು ಎಲ್ಲರ ಚಿತ್ರಕ್ಕೂ ಒಂದೇ ಅಳತೆ ಹಾಕುತ್ತಿದ್ದ ಎರಡು ದಶಕಗಳಿಗೆ ಹೋಲಿಸಿದರೆ ಇದು ಲಾಭವೇ.

ಖರ್ಚಿನ ಸ್ವರೂಪವೂ ಬದಲಾಯಿತು. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಒಮ್ಮೆ ಕೊಂಡರೆ ಎರಡು ಮೂರು ದಶಕ ಬಾಳುತ್ತಿತ್ತು, ಹಣ ಸೋರುತ್ತಿದ್ದುದು ಪ್ರತಿ ಚಿತ್ರಕ್ಕೆ. ಈಗ ಚಿತ್ರಕ್ಕೆ ಬೆಲೆಯಿಲ್ಲ, ಕ್ಯಾಮೆರಾ ಮಾತ್ರ ಐದಾರು ವರ್ಷಕ್ಕೆ ಹಳತೆನ್ನಿಸಿಕೊಳ್ಳುತ್ತದೆ. ಇದರ ಪರಿಣಾಮ ಎಲ್ಲಕ್ಕಿಂತ ಢಾಳಾಗಿ ಕಾಣುವುದು ಹಕ್ಕಿಗಳ ಛಾಯಾಗ್ರಹಣದಲ್ಲಿ. ಹಿಂದೆ ಹಕ್ಕಿ ಬಂದೇ ಬರುವ ಜಾಗವೆಂದರೆ ಗೂಡು. ಅದರ ಬಳಿ ಮರೆ ಕಟ್ಟಿ ಗಂಟೆಗಟ್ಟಲೆ ಅಡಗಿ ಕುಳಿತು ನಾಲ್ಕಾರು ಚಿತ್ರ ತೆಗೆಯುತ್ತಿದ್ದರು. 2008ರಿಂದ ಬೆಳೆದು ಬಂದ, ಕನ್ನಡಿಯನ್ನೇ ಕಿತ್ತುಹಾಕಿ ಸೆನ್ಸರಿನ ಬಿಂಬವನ್ನು ನೇರವಾಗಿ ಪರದೆಯಲ್ಲಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾಗಳು ಇಂದು ಹಾರುವ ಹಕ್ಕಿಯ ಕಣ್ಣನ್ನು ಗುರುತಿಸಿ, ಅದನ್ನೇ ಹಿಂಬಾಲಿಸಿ, ಸೆಕೆಂಡಿಗೆ ಹತ್ತು ಇಪ್ಪತ್ತು ಚಿತ್ರ ತೆಗೆಯುತ್ತವೆ. ಗೂಡಿನ ಬಳಿ ಹೋಗುವ ಅಗತ್ಯ ತಪ್ಪಿದ ಮೇಲೆ ಅದು ಮರಿಗಳಿಗೆ ಅಪಾಯವೆಂಬ ಎಚ್ಚರವೂ ಬೆಳೆದು, ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ. ಆದರೆ ಒಂದೇ ಬೆಳಗಿನಲ್ಲಿ ಎರಡು ಸಾವಿರ ಚಿತ್ರ ತೆಗೆದು ಬಂದವರು ಅವನ್ನು ಆರಿಸಲು ವಾರವಿಡೀ ಪರದಾಡುವುದನ್ನು ನೋಡಿದರೆ, ಹನ್ನೆರಡರ ರೋಲು ಕಲಿಸುತ್ತಿದ್ದ ಕೈಬಿಗಿಯೂ ಹೋದದ್ದು ನಷ್ಟವೆಂದೇ ಹೇಳಬೇಕಾಗುತ್ತದೆ.

ಮೊಬೈಲು ಈ ಕಥೆಯನ್ನು ಮತ್ತೊಮ್ಮೆ 1888ಕ್ಕೆ ಒಯ್ದಿದೆ. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಆ ಸಂಖ್ಯೆ 80 ಲಕ್ಷದ ಒಳಗೆ ಇಳಿದಿತ್ತು. ಉಗುರಿನಷ್ಟು ಚಿಕ್ಕ ಸೆನ್ಸರಿಗೆ ಸಿಗುವ ಬೆಳಕು ಅಲ್ಪವಾದುದರಿಂದ ಮೊಬೈಲು ಒಂದು ಒತ್ತಿಗೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ನೆರಳನ್ನು ಎತ್ತಿ, ಆಕಾಶವನ್ನು ತಗ್ಗಿಸಿ, ಮುಖವನ್ನು ನುಣುಪಾಗಿಸಿ ಕೊಡುತ್ತದೆ. ಪ್ರಿಂಟು ಹಾಕುವವರು ಮಾಡುತ್ತಿದ್ದ ತೀರ್ಮಾನಗಳನ್ನೆಲ್ಲ ಈಗ ಯಾವುದೋ ದೂರದ ಕಂಪನಿ ಮೊದಲೇ ಬರೆದಿಟ್ಟ ಲೆಕ್ಕ ಮಾಡುತ್ತದೆ. ಚಿತ್ರ ಚೆನ್ನಾಗಿರುತ್ತದೆ, ಅನುಮಾನವಿಲ್ಲ. ಎಲ್ಲರ ಚಿತ್ರವೂ ಒಂದೇ ರೀತಿ ಚೆನ್ನಾಗಿರುತ್ತದೆ.

ಬಹುಶಃ ಈ ಏಕರೂಪತೆಯಿಂದ ಬೇಸತ್ತೇ ಕೆಲವು ಯುವ ಹವ್ಯಾಸಿಗಳು ಅಟ್ಟದ ಮೇಲಿನ ಕ್ಯಾಮೆರಾಗಳನ್ನು ಇಳಿಸಿ ಧೂಳು ಕೊಡವುತ್ತಿದ್ದಾರೆ. ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಕೊಡಾಕ್ 2018ರಲ್ಲಿ ಮತ್ತೆ ಹೊರತಂದಿತು. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾವೊಂದು ಬಂದಿದೆ. ರೋಲಿನ ಬೆಲೆ ದುಬಾರಿ, ತೊಳೆಯುವ ಲ್ಯಾಬುಗಳು ದೊಡ್ಡ ಊರುಗಳಲ್ಲಿ ಬೆರಳೆಣಿಕೆಯಷ್ಟು. ಊಟಿಯ ಕಾರ್ಖಾನೆ ಮುಚ್ಚಿದೆ. ಈ ಹುಮ್ಮಸ್ಸು ಜನಸಾಮಾನ್ಯರ ಹವ್ಯಾಸವಾಗಿ ಬೆಳೆಯುವ ಸಂಭವ ಕಡಿಮೆ.

ಮನೆಯಲ್ಲಿ ಹಳೆಯ ಕ್ಯಾಮೆರಾ ಇರುವವರು ಅದನ್ನು ಗುಜರಿಗೆ ಹಾಕುವ ಮೊದಲು ಒಳಗೆ ಅರ್ಧ ಮುಗಿದ ರೋಲು ಇದೆಯೇ ಎಂದು ಪರೀಕ್ಷಿಸಬೇಕು. ತಿರುಗಣೆ ತಿರುಗಿಸುವಾಗ ಬಿಗಿಯೆನಿಸಿದರೆ ಬೆನ್ನನ್ನು ತೆರೆಯದೆ ತಿಳಿದವರ ಕೈಗೆ ಕೊಡುವುದು ಲೇಸು, ಏಕೆಂದರೆ ದಶಕಗಳ ಹಿಂದಿನ ಕಪ್ಪು-ಬಿಳುಪು ರೋಲಿನಿಂದಲೂ ಚಿತ್ರ ಮೂಡುವುದುಂಟು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹಿಡಿದು ಮಸೂರಕ್ಕೆ ಬೂಷ್ಟು ಹತ್ತಿಸುವುದರಿಂದ ಕ್ಯಾಮೆರಾವನ್ನು ಅದರಿಂದ ಹೊರತೆಗೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ನೆಗೆಟಿವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಒತ್ತೊತ್ತಾಗಿ ತುರುಕದೆ ಕಾಗದದ ಲಕೋಟೆಗಳಲ್ಲಿ ಬೇರೆ ಬೇರೆಯಾಗಿಟ್ಟು, ಚಿತ್ರದಲ್ಲಿರುವವರ ಹೆಸರು ಮತ್ತು ಇಸವಿಯನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಬೇಕು. ಮೊಬೈಲಿನಲ್ಲಿರುವ ಚಿತ್ರಗಳ ವಿಷಯದಲ್ಲೂ ಅಷ್ಟೇ: ಉಳಿಯಬೇಕಾದವನ್ನು ಆರಿಸಿ ಎರಡು ಬೇರೆ ಕಡೆ ಪ್ರತಿ ಇಟ್ಟುಕೊಂಡು, ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಪ್ರಿಂಟು ಹಾಕಿಸಿಡಬೇಕು.